ಅಣ್ಣನ ಹೊಸ ಮುಳ್ಳು

ತಂಬೂರಿಯಲ್ಲಿ ಏನೋ ಕಡಿಮೆಯಾಗಿದೆ ಎಂದು ಅಣ್ಣ ಮೊದಲ ಬಾರಿಗೆ ಹೇಳಿದ್ದು ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ, ಭದ್ರಾವತಿಯ ಅವನ ಬಾಡಿಗೆ ಮನೆಯಲ್ಲಿ. ರೆಕಾರ್ಡು ತಿರುಗುತ್ತಿತ್ತು. ಹಾಡುವವರ ದನಿಯ ಬಗ್ಗೆ ಅವನಿಗೆ ದೂರಿರಲಿಲ್ಲ, ಮೃದಂಗದ ಬಗ್ಗೆಯೂ ಇರಲಿಲ್ಲ. ತಂಬೂರಿಯ ತಂತಿಗಳ ಕೆಳಗೆ ಸಿಕ್ಕಿಸುವ ಎಳೆನೂಲಿಗೆ ಜೀವಾಳ ಎನ್ನುತ್ತಾರೆ. ಆ ನೂಲು ತನ್ನ ಜಾಗದಲ್ಲಿ ಸರಿಯಾಗಿ ಕುಳಿತರೆ ತಂತಿಯ ನಾದದ ಮೇಲೆ ಇನ್ನೊಂದು ಸಣ್ಣ ಝೇಂಕಾರ ಏಳುತ್ತದೆ. ಅಣ್ಣನಿಗೆ ಸಿಗದೆ ಹೋದದ್ದು ಆ ಝೇಂಕಾರ.

"ನಾದ ಇದೆ, ಜೀವಾಳ ಇಲ್ಲ" ಎಂದ. "ತಂಬೂರಿಗೆ ಯಾರೋ ಕಂಬಳಿ ಹೊದಿಸಿ ಕೂರಿಸಿದಂಗಿದೆ. ಪ್ಲೇಯರಿನ ಮುಳ್ಳು ಸವೆದುಹೋಗಿದೆ ಕಣೇ."

ನನಗೆ ಆ ಝೇಂಕಾರ ಕೇಳಿಸುತ್ತಿತ್ತು. ಆದರೆ ಸಂಗೀತದ ವಿಷಯದಲ್ಲಿ ಅವನ ಕಿವಿಯ ಎದುರು ನನ್ನ ಕಿವಿ ಯಾವ ಕಾಲಕ್ಕೂ ಸಾಕ್ಷಿಯಾಗಿ ನಿಂತದ್ದಿಲ್ಲ. ಶ್ರುತಿ ಎಂದರೇನು, ತಾಳ ತಪ್ಪುವುದೆಂದರೇನು ಎಂದು ನನಗೆ ಹೇಳಿಕೊಟ್ಟವನೇ ಅವನು. ಅವನು ಇಲ್ಲವೆಂದರೆ ಇಲ್ಲವೆಂದೇ ನಾನು ನಂಬಿದೆ.

ಅಣ್ಣ ಊರಂಚಿನ ಒಂದು ಸಣ್ಣ ಫೋರ್ಜಿಂಗ್ ಶಾಪಿನಲ್ಲಿ ದುಡಿಯುತ್ತಿದ್ದ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಯಂತ್ರದ ಸುತ್ತಿಗೆಯ ಕೆಳಗೆ ಹೊರಳಿಸುತ್ತ ಹೋಗುವುದು ಅವನ ಕೆಲಸ. ಅಲ್ಲಿ ದುಡಿಯುವವರೆಲ್ಲ ಮನೆಗೆ ಬಂದ ಮೇಲೂ ಕೂಗಿಯೇ ಮಾತನಾಡುತ್ತಿದ್ದರು. ಅವರ ಸಾಲುಮನೆಗಳಿಗೆ ಹೊಸದಾಗಿ ಬಂದವರು ದಿನವಿಡೀ ಜಗಳ ನಡೆಯುತ್ತಿದೆ ಎಂದುಕೊಳ್ಳಬೇಕು, ನಡೆಯುತ್ತಿದ್ದುದು ಬರಿಯ ಕುಶಲ ವಿಚಾರ. ಯಾರಾದರೂ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸಕ್ಕೆ ನಿಂತರೆ ಅವನ ಗತಿ ಮುಗಿಯಿತು. "ಏನಪ್ಪಾ ಬಾಣಂತಿ, ಹೆರಿಗೆ ಸಲೀಸಾಯ್ತಾ? ಗಂಡೋ ಹೆಣ್ಣೋ?" ಎಂದು ಸಂಜೆಯವರೆಗೆ ಕಾಡುತ್ತಿದ್ದರು. ನಮ್ಮ ಕಡೆ ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟುವುದು ಹೆತ್ತ ಹೆಂಗಸಿಗೆ ಮಾತ್ರ. ಆದ್ದರಿಂದ ಗಂಡಸಾದವನು ಸುತ್ತಿಗೆಯ ಸದ್ದಿಗೆ ಬರಿಗಿವಿ ಒಡ್ಡಬೇಕೆಂಬುದು ಆ ಶಾಪಿನ ಅಲಿಖಿತ ಧರ್ಮವಾಗಿತ್ತು.

ನಾನಿದ್ದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಸಂಘಟನೆಯ ಕೆಲಸ. ವಿದ್ಯಾರ್ಥಿನಿಯಾಗಿದ್ದಾಗ ಚರ್ಚಾಸ್ಪರ್ಧೆಗಳು ನನಗೆ ಒಂದು ನಂಬಿಕೆಯನ್ನು ಕೊಟ್ಟಿದ್ದವು. ಸತ್ಯವನ್ನು ಸರಿಯಾದ ಕ್ರಮದಲ್ಲಿ, ಆಧಾರಸಹಿತ ಮಂಡಿಸಿದರೆ ಕೇಳುವವನು ಇಂದಲ್ಲದಿದ್ದರೆ ನಾಳೆ ಒಪ್ಪುತ್ತಾನೆ ಎಂಬ ನಂಬಿಕೆ. ಅದನ್ನೇ ಹಿಡಿದು ನಾನು ವರದಕ್ಷಿಣೆಯ ವಿರುದ್ಧ ಮಾತನಾಡಿದ್ದೇನೆ, ಮಡಿ ಮೈಲಿಗೆಯ ವಿರುದ್ಧ ಮಾತನಾಡಿದ್ದೇನೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಅಣ್ಣನ ಎದುರು ವಾದದಲ್ಲಿ ಸೋಲುತ್ತಿದ್ದೆ.

ಅವನ ರೆಕಾರ್ಡ್ ಪ್ಲೇಯರು ಮದುವೆಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ಅಂಗಡಿ ಮುಚ್ಚುವಾಗ ಕೊಟ್ಟದ್ದು. ರೆಕಾರ್ಡುಗಳಲ್ಲಿ ಬಹುಪಾಲು ಸವಳಂಗ ರಸ್ತೆಯ ಗುಜರಿ ಅಂಗಡಿಯಿಂದ ಬಂದವು. ಜನ ಕ್ಯಾಸೆಟ್ಟಿಗೆ ಬದಲಾದ ಮೇಲೆ ಅವು ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿದ್ದವು. ಈ ಯಂತ್ರಕ್ಕೆ ಅಣ್ಣ ಈಗ ಹೊಸ ಮುಳ್ಳು ಕೇಳಿದ. ಅದೂ ಎಲ್ಲರ ಮನೆಯಲ್ಲಿ ಇರುವಂಥದ್ದಲ್ಲ, ಮೂವಿಂಗ್ ಕಾಯಿಲ್ ಕಾರ್ಟ್ರಿಜ್. ಕಾರ್ಟ್ರಿಜ್ ಎಂದರೆ ಪ್ಲೇಯರಿನ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು, ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ.

ಸಾಮಾನ್ಯ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಹಿಂದುಗಡೆ ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಮುಳ್ಳು ಅಲುಗಿದಂತೆ ಅಯಸ್ಕಾಂತ ಅಲುಗುತ್ತದೆ, ತಂತಿಯ ಸುರುಳಿ ನಿಂತಲ್ಲೇ ನಿಂತಿರುತ್ತದೆ. ಇವನು ಕೇಳಿದ್ದರಲ್ಲಿ ಕೂದಲಿಗಿಂತ ತೆಳುವಾದ ತಂತಿಯ ಸುರುಳಿಯೇ ಮುಳ್ಳಿಗೆ ಅಂಟಿಕೊಂಡು ಅಲುಗುತ್ತದೆ, ಅಯಸ್ಕಾಂತ ನಿಂತಿರುತ್ತದೆ. ಮೊದಲನೆಯದರಲ್ಲಿ ಮುಳ್ಳು ಸವೆದರೆ ಮನೆಯಲ್ಲೇ ಕಿತ್ತು ಬೇರೆ ಸಿಕ್ಕಿಸಬಹುದು, ಎರಡನೆಯದರಲ್ಲಿ ಅದು ಸಾಧ್ಯವಿಲ್ಲ.

"ಕೆಟ್ಟರೆ ರಿಪೇರಿ ಮಾಡಿಕೊಳ್ಳಲಾಗದ ವಸ್ತು ದುಡಿಯುವವನ ಮನೆಗೆ ಯಾಕೆ? ಅದು ಶ್ರೀಮಂತರ ಷೋಕಿ" ಎಂದೆ.

"ಶುರುವಾಯ್ತು. ಮೈಕ್ ತರಿಸ್ಲಾ?"

"ತಮಾಷೆ ಬೇಡ. ಉತ್ತರ ಕೊಡು."

"ಕೇಳು ಹಂಗಾದ್ರೆ. ಸುರುಳಿ ಹಗುರ. ಹಗುರ ಇದ್ದಿದ್ದು ರೆಕಾರ್ಡಿನ ಎಷ್ಟು ಸಣ್ಣ ಗೆರೇಲೂ ಕುಣಿಯುತ್ತೆ. ನಮ್ಮ ಶಾಪಿನ ಸುತ್ತಿಗೆ ತಗೊಂಡು ಸೇವಂತಿಗೆ ಬಿಡಿಸೋಕಾಗುತ್ತೇನೇ ಮಾರಾಯ್ತಿ?"

ಬೆಂಗಳೂರಿನಲ್ಲಿ ಒಂದು ಸಮಾವೇಶಕ್ಕೆ ಹೋದಾಗ ಅಂಗಡಿಯೊಂದನ್ನು ಹುಡುಕಿ ಕಾರ್ಟ್ರಿಜ್ಜುಗಳ ಕರಪತ್ರಗಳನ್ನು ತಂದುಕೊಟ್ಟೆ. ಈ ಬಗೆಯವುಗಳಲ್ಲಿ ಹೆಚ್ಚಿನವು ಹುಟ್ಟಿಸುವ ವಿದ್ಯುತ್ತು ತೀರ ಕ್ಷೀಣ, ಅದನ್ನು ಹಿಗ್ಗಿಸಲು ಬೇರೆಯೇ ಒಂದು ಪೆಟ್ಟಿಗೆ ಬೇಕು. ಅಣ್ಣನ ಹಳೆಯ ಆಂಪ್ಲಿಫೈಯರಿಗೆ ನೇರ ಹೊಂದುವ, ಹೆಚ್ಚು ಸುತ್ತಿನ ಸುರುಳಿಯದನ್ನು ಆರಿಸಬೇಕಾಯಿತು. ಅವನ ಪ್ಲೇಯರಿನ ತೋಳು ಭಾರದ್ದಾದ್ದರಿಂದ ಬಹಳ ಮೆತ್ತಗೆ ಬಳುಕುವ ಮುಳ್ಳೂ ಆಗುವಂತಿರಲಿಲ್ಲ. ಕೊನೆಗೆ ಉಳಿದವುಗಳಲ್ಲಿ ಅವನು ಬೆರಳಿಟ್ಟದ್ದು, ಕರಪತ್ರದ ನಕ್ಷೆಯ ಬಲತುದಿಯಲ್ಲಿ, ಅಂದರೆ ಅತಿ ಸಣ್ಣ ಮೇಲುದನಿಗಳ ಜಾಗದಲ್ಲಿ, ಗೆರೆ ಮೇಲಕ್ಕೇರುತ್ತಿದ್ದ ಒಂದರ ಮೇಲೆ. "ಜೀವಾಳ ಇರೋದು ಇಲ್ಲೇ ನೋಡು, ಈ ತುದೀಲಿ" ಎಂದ. ಅದರ ದನಿ ಸ್ವಲ್ಪ ಚೂಪು, ಎಲ್ಲರೂ ಇಷ್ಟಪಡುವುದಿಲ್ಲ ಎಂದು ಅಂಗಡಿಯವರು ಫೋನಿನಲ್ಲಿ ಎಚ್ಚರಿಸಿದ್ದರು. ಅಣ್ಣ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ.

ಕಾರ್ಟ್ರಿಜ್ ತೆಗೆದುಕೊಂಡು ನಾನು ಭದ್ರಾವತಿಗೆ ಹೋದ ಭಾನುವಾರ ಅಣ್ಣ ಸ್ನಾನಕ್ಕೆ ಹೋಗಿದ್ದ. ಅಡುಗೆಮನೆಯಲ್ಲಿ ಅತ್ತಿಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದವರು ಒಲೆ ಸಣ್ಣ ಮಾಡಿ ನನ್ನನ್ನು ಹತ್ತಿರ ಕರೆದರು.

"ನಿಮ್ಮಣ್ಣನ ವಾಚು ಗಂಟೆಗೊಂದ್ಸಲ ಪೀ ಪೀ ಅನ್ನುತ್ತಲ್ಲ, ಅದು ಅವರಿಗೆ ಕೇಳ್ಸಲ್ಲ ಕಣೇ."

"ನಿದ್ದೇಲಾ?"

"ಎಚ್ಚರದಲ್ಲೇ. ಅವರ ಕೈಯಲ್ಲೇ ಕೂಗುತ್ತೆ, ಅವರಿಗೆ ಕೇಳ್ಸಲ್ಲ. ವಾಚು ಕೂಗೋದು ನಿಲ್ಲಿಸಿದೆ, ಬ್ಯಾಟರಿ ಇಳಿದಿರ್ಬೇಕು ಅಂದ್ರು. ನಾನು ಹೂಂ ಅಂದೆ."

"ಯಾಕತ್ತಿಗೆ ಹೂಂ ಅಂದ್ರಿ?"

"ಇನ್ನೇನನ್ಲಿ?"

ಕೈಯಲ್ಲಿದ್ದ ಆ ಪುಟ್ಟ ಪೆಟ್ಟಿಗೆ ಏನೆಂಬುದು ನನಗೆ ಆಗ ಅರ್ಥವಾಯಿತು. ಸವೆದದ್ದು ಮುಳ್ಳಲ್ಲ. ಇದನ್ನು ಇಂದೇ ಹೇಳಬೇಕು, ಹೇಳಿದರೆ ನಾಳೆಯಿಂದಲಾದರೂ ಕಿವಿ ಮುಚ್ಚಿಕೊಂಡು ಕೆಲಸ ಮಾಡುತ್ತಾನೆ, ಉಳಿದದ್ದಾದರೂ ಉಳಿಯುತ್ತದೆ ಎಂದೆ. ಅತ್ತಿಗೆ ಸೌಟು ಹಿಡಿದ ಕೈಯಲ್ಲೇ ನನ್ನ ತೋಳು ಹಿಡಿದರು.

"ಇವತ್ತೊಂದಿನ ಬೇಡ ಮಾರಾಯ್ತಿ. ವಾರದಿಂದ ಮಗು ಥರ ಕಾಯ್ಕೊಂಡು ಕೂತಿದಾರೆ."

ಅಣ್ಣ ತಲೆಗೆ ಸೀಗೆಪುಡಿ ಹಾಕಿ ಮಿಂದು, ಒಗೆದ ಪಂಚೆಯುಟ್ಟು ಬಂದ. ಉಗುರಿನ ಸಂದುಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದಿದ್ದ. ಈ ಬಗೆಯ ಕಾರ್ಟ್ರಿಜ್‌ನ ಅಯಸ್ಕಾಂತ ಬಹಳ ಬಲವಾದದ್ದು. ಕಬ್ಬಿಣದ ಪುಡಿಯ ಒಂದು ಕಣ ಒಳಗೆ ಸೇರಿಕೊಂಡರೂ ಸುರುಳಿ ಅಲುಗುವುದಿಲ್ಲ. ಅವನ ಕೂದಲಲ್ಲಿ, ಅಂಗಿಯಲ್ಲಿ, ಚರ್ಮದ ಗೆರೆಗಳಲ್ಲಿ ಇದ್ದುದೆಲ್ಲ ಕಬ್ಬಿಣದ ಪುಡಿಯೇ. ಉಕ್ಕಿನ ಸ್ಕ್ರೂಡ್ರೈವರು ಹತ್ತಿರ ಹೋದರೆ ಸೆಳೆದು ಮುಳ್ಳು ಮುರಿಯುತ್ತದೆಂದು ಹಿತ್ತಾಳೆಯ ಸರಳೊಂದರ ತುದಿ ತಟ್ಟಿ ಚಪ್ಪಟೆ ಮಾಡಿ ಇಟ್ಟುಕೊಂಡಿದ್ದ.

"ದೇವರ ಮುಂದೆ ಒಂದಿನ ಇಷ್ಟು ಮಡೀಲಿ ನಿಂತಿದ್ದಿದ್ರೆ ಎಲ್ಲಿರ್ತಿದ್ರೋ" ಎಂದರು ಅತ್ತಿಗೆ.

"ದೇವರಿಗೆ ಕಬ್ಬಿಣ ಅಂಟಲ್ಲ ಕಣೇ, ಇದಕ್ಕೆ ಅಂಟುತ್ತೆ."

ವೇದಿಕೆಗಳಲ್ಲಿ ಮಡಿಯನ್ನು ಖಂಡಿಸಿದ ನಾನು, ಅವನ ಒದ್ದೆ ತಲೆಯನ್ನು ನೋಡುತ್ತ ಪೆಟ್ಟಿಗೆಯನ್ನು ಅವನ ಕೈಗಿಟ್ಟೆ.

ಅವನು ವಾಚು ಬಿಚ್ಚಿ ಪಕ್ಕಕ್ಕಿಟ್ಟ. ಕೆಂಪು, ಹಸಿರು, ಬಿಳಿ, ನೀಲಿ, ನಾಲ್ಕು ಎಳೆತಂತಿಗಳನ್ನು ಚಿಮುಟದಲ್ಲಿ ಹಿಡಿದು ಒಂದೊಂದನ್ನೇ ಸಿಕ್ಕಿಸಿದ. ಪುಟ್ಟ ತಕ್ಕಡಿಯ ಮೇಲೆ ಮುಳ್ಳನ್ನಿಳಿಸಿ, ತೋಳಿನ ಹಿಂದಿನ ಭಾರವನ್ನು ತಿರುಗಿಸುತ್ತ ತೂಕ ಹೊಂದಿಸಿದ. ಗೆರೆ ಹಾಕಿದ ಕಾರ್ಡನ್ನು ತಟ್ಟೆಯ ಮೇಲಿಟ್ಟು, ಅದರ ಎರಡು ಗುರುತುಗಳಲ್ಲೂ ಕಾರ್ಟ್ರಿಜ್ ಗೆರೆಗೆ ನೇರ ನಿಲ್ಲುವವರೆಗೆ ಕೂದಲೆಳೆಯಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿದ. ಅತ್ತಿಗೆಯ ಕೈಗನ್ನಡಿಯನ್ನು ಕೆಳಗಿಟ್ಟು, ಮುಳ್ಳೂ ಅದರ ಬಿಂಬವೂ ಒಂದೇ ನೇರದಲ್ಲಿವೆಯೇ ಎಂದು ಬಗ್ಗಿ ನೋಡಿದ. ಸುತ್ತಿಗೆಯ ಕೆಳಗೆ ಕಬ್ಬಿಣ ಹೊರಳಿಸುವ ಆ ಕೈಗಳು ಒಮ್ಮೆಯೂ ನಡುಗಲಿಲ್ಲ.

ನಾನು ಮನಸ್ಸಿನಲ್ಲೇ ನನ್ನ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಮೊದಲು ವಾಚಿನ ವಿಷಯ, ಆಮೇಲೆ ಶಾಪಿನ ಸದ್ದು, ಕೊನೆಗೆ ವೈದ್ಯರಲ್ಲಿಗೆ ಹೋಗುವ ಮಾತು. ಪ್ರತಿ ಹೆಜ್ಜೆಯೂ ಭದ್ರವಾಗಿತ್ತು.

ರೆಕಾರ್ಡು ಹಾಕಿದ. ತಂಬೂರಿ ಎದ್ದಿತು. ನನ್ನ ಮೈ ಜುಮ್ಮೆಂದಿತು. ಅಷ್ಟು ಹತ್ತಿರದಲ್ಲಿ ಆ ಝೇಂಕಾರವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಣ್ಣ ಹುಬ್ಬು ಗಂಟಿಕ್ಕಿ ಕೇಳಿದ.

"ಇಲ್ಲ. ಇನ್ನೂ ಮುಚ್ಕೊಂಡಿದೆ."

ತೋಳಿನ ಬುಡವನ್ನು ಎತ್ತರಿಸಿದರೆ ಮುಳ್ಳು ಗೆರೆಯಲ್ಲಿ ನಿಲ್ಲುವ ಓರೆ ಬದಲಾಗಿ ದನಿ ಇನ್ನಷ್ಟು ಹರಿತವಾಗುತ್ತದೆ. ಅವನು ಎತ್ತರಿಸಿದ. ಕೇಳಿದ. ಮತ್ತೆ ಎತ್ತರಿಸಿದ. ಹಾಡಿನ ಸಕಾರಗಳೆಲ್ಲ ಬುಸುಗುಟ್ಟತೊಡಗಿದವು. ಮತ್ತೂ ಎತ್ತರಿಸಿದಾಗ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗನ್ನು ಕಿವಿಗೊತ್ತಿಕೊಂಡರು. ಅವನು ಅದನ್ನು ನೋಡಿಬಿಟ್ಟ.

"ಯಾಕೆ?"

"ಏನಿಲ್ಲ ರೀ. ಓಲೆ ಚುಚ್ತಿತ್ತು."

ಆಗ ವಾಚು ಕೂಗಿತು. ನಾನೂ ಅತ್ತಿಗೆಯೂ, ತಡೆಯುವ ಮೊದಲೇ, ಅದರ ಕಡೆ ತಿರುಗಿದೆವು. ಅಣ್ಣ ನಮ್ಮಿಬ್ಬರ ಮುಖ ನೋಡಿದ, ಆಮೇಲೆ ನಮ್ಮ ಕಣ್ಣು ಹೋದ ಕಡೆ ನೋಡಿದ. ವಾಚನ್ನು ಎತ್ತಿ ಕಿವಿಯ ಬಳಿ ಹಿಡಿದ. ನಿಧಾನವಾಗಿ ಕೆಳಗಿಟ್ಟ.

"ಬ್ಯಾಟರಿ ಇದೆ, ಅಲ್ವಾ?"

ಅತ್ತಿಗೆ ಹೌದೆಂದು ತಲೆಯಾಡಿಸಿದರು.

ನಾನು ಜೋಡಿಸಿಟ್ಟ ಮಾತುಗಳೆಲ್ಲ ಇನ್ನು ಯಾರಿಗೂ ಬೇಕಾಗಿರಲಿಲ್ಲ. ರೆಕಾರ್ಡು ತಿರುಗುತ್ತಲೇ ಇತ್ತು. ಅವನು ತನ್ನ ಕುರ್ಚಿಯಿಂದೆದ್ದು ಅತ್ತಿಗೆಯನ್ನು ಕರೆದ. "ಬಾ ಇಲ್ಲಿ. ಕೂತ್ಕೋ." ಆ ಕುರ್ಚಿಯಲ್ಲಿ ಅವರು ಎಂದೂ ಕುಳಿತವರಲ್ಲ. ಅವನು ಸಂಗೀತ ಕೇಳುವಾಗ ಪಾತ್ರೆ ಸದ್ದು ಮಾಡಬಾರದೆಂದು ಒಳಗೇ ಉಸಿರು ಹಿಡಿದುಕೊಂಡು ಇರುತ್ತಿದ್ದವರು. ಸೆರಗಿಗೆ ಕೈಯೊರೆಸಿಕೊಂಡು ತುದಿಯಲ್ಲಿ ಕುಳಿತರು.

"ಜೀವಾಳ ಕೇಳ್ಸುತ್ತಾ ನಿಂಗೆ?"

"ಕೇಳ್ಸುತ್ತೆ."

"ಚೆನ್ನಾಗಿದ್ಯಾ? ನಿಜ ಹೇಳು."

"ಚುಚ್ಚುತ್ತೆ ರೀ. ಗರಗಸದ ಥರ."

"ಅಯ್ಯೋ ಪಾಪ. ಇಷ್ಟೊತ್ತೂ ಸಹಿಸ್ಕೊಂಡ್ಯಾ?" ಎಂದು ನಕ್ಕ. ಆ ನಗುವನ್ನು ನಾನು ನೋಡಬಾರದಿತ್ತು. ತೋಳಿನ ಬುಡವನ್ನು ಸ್ವಲ್ಪ ಇಳಿಸಿದ. "ಈಗ?"

"ಇನ್ನೂ."

"ಈಗ?"

"ಇನ್ನೊಂಚೂರು… ಹಾಂ, ಈಗ ಇಂಪಾಗಿದೆ. ಮುಂಚೆ ರೇಡಿಯೋದಲ್ಲಿ ಇಬ್ರೂ ಕೇಳ್ತಿದ್ವಲ್ಲ, ಹಂಗೇ."

"ಇಲ್ಲಿಗೆ ಸಾಕಾ?"

"ಸಾಕು."

ಆ ಎತ್ತರದಲ್ಲಿ ಅವನ ಪಾಲಿಗೆ ಝೇಂಕಾರದ ಎಳೆಯೂ ಉಳಿದಿರಲಿಲ್ಲ. ಅವನು ಅಲ್ಲಿಗೇ ತಿರುಪನ್ನು ಬಿಗಿದ.

ಮುಂದೆ ಶಿವಮೊಗ್ಗದ ವೈದ್ಯರು, ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು. ಅಣ್ಣ ಹತ್ತಿ ಇಟ್ಟುಕೊಂಡೇ ಕೆಲಸಕ್ಕೆ ಹೋದ. ಹೆರಿಗೆಯಾಯಿತೇ ಎಂದು ಕೇಳಿದವರಿಗೆ "ಅವಳಿ ಜವಳಿ ಮಾರಾಯ, ಎರಡೂ ಕಿವಿ ನೋಡು" ಎಂದನಂತೆ. ನಾನು ಮಾಲೀಕರಲ್ಲಿಗೆ ನಿಯೋಗ ಕೊಂಡೊಯ್ದೆ, ಶಾಪಿನ ಬಾಗಿಲಲ್ಲಿ ಸಭೆ ನಡೆಸಿದೆ. ಕಿವಿಗವಸುಗಳು ಬಂದವು. ಅವು ಮೊಳೆಗೆ ನೇತುಬಿದ್ದಿದ್ದೇ ಹೆಚ್ಚು. ಹತ್ತಿಯೂ ಅಣ್ಣನಿಗೆ ತಡವಾಗಿಯೇ ಒದಗಿತ್ತು. ಕೆಲವು ವರ್ಷಗಳಲ್ಲಿ ಪಿಟೀಲಿನ ಮೇಲುಸ್ಥಾಯಿ ಹೋಯಿತು, ಆಮೇಲೆ ಹೆಂಗಸರ ದನಿಯಲ್ಲಿ ಅಕ್ಷರಗಳು ಅಳಿಸಿದಂತಾಗತೊಡಗಿದವು. ಅತ್ತಿಗೆಯ ದನಿಯೂ ಅದರಲ್ಲಿ ಸೇರಿತ್ತು.

ಆದರೆ ಭಾನುವಾರದ ರೆಕಾರ್ಡು ನಿಲ್ಲಲಿಲ್ಲ. ಯಾವುದನ್ನು ಹಾಕಬೇಕೆಂದು ಈಗ ಅತ್ತಿಗೆ ಆರಿಸುತ್ತಿದ್ದರು. ಅವನು ಮುಳ್ಳಿನ ದೂಳನ್ನು ಕುಂಚದಿಂದ ಒರೆಸಿ, ಗೆರೆಗೆ ಇಳಿಸಿ, ಅವರ ಎದುರಿಗೆ ನೆಲದ ಮೇಲೆ ಕೂರುತ್ತಿದ್ದ. ಅವರ ಮುಖ ನೋಡುತ್ತ ಆಲಾಪನೆ ಎಲ್ಲಿಗೆ ಬಂದಿರಬಹುದೆಂದು ಅಂದಾಜು ಮಾಡುತ್ತಿದ್ದ. ಹಾಗೊಂದು ದಿನ ನನ್ನ ಕಡೆ ತಿರುಗಿ ಕೇಳಿದ, "ಇಷ್ಟು ವರ್ಷ ಭಾಷಣ ಮಾಡಿದೀಯಲ್ಲ, ಜೀವಾಳ ಈಗ ಹೆಂಗಿದೆ, ಒಂಚೂರು ಹೇಳು ನೋಡಾಣ."

ನಾನು ಹೇಳಲು ಹೊರಟೆ. ಒಂದು ಮಾತು ಹಿಡಿದೆ, ಬಿಟ್ಟೆ. ಇನ್ನೊಂದನ್ನು ಹಿಡಿದೆ. ಯಾವುದೂ ಆ ಸದ್ದಿನ ಹತ್ತಿರ ಸುಳಿಯಲಿಲ್ಲ. ಅವನು ಅವಸರವಿಲ್ಲದೆ ನನ್ನ ತುಟಿಗಳನ್ನೇ ನೋಡುತ್ತಿದ್ದ. ನನ್ನ ಕಣ್ಣು ತುಂಬಿದ್ದು ಕಂಡಿರಬೇಕು.

"ಇರ್ಲಿ ಬಿಡು, ಮೊದಲಿನ ಹಂಗೇ ಇದೆ ಅಲ್ವಾ? ಅಷ್ಟು ಸಾಕು" ಎಂದು ನನ್ನ ಬೆನ್ನು ತಟ್ಟಿದ. ಅಷ್ಟರಲ್ಲಿ ಒಂದು ಬದಿ ಮುಗಿದಿತ್ತು. ಅತ್ತಿಗೆ ಕೈಸನ್ನೆ ಮಾಡಿದ ಮೇಲೆ ಅವನಿಗೆ ತಿಳಿಯಿತು. ಎದ್ದು, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಮಗುಚಿ ಹಾಕಿದ.