ಪತಿತಬಾಬುಗಳ ಹೊಟ್ಟೆ, ಬತಾಶಾನ ಪಥ್ಯ

ಪತಿತಪಾವನ ಚಾಕ್ಲಾದಾರರ ಹೊಟ್ಟೆ ನಮ್ಮ ಗಲ್ಲಿಯಲ್ಲಿ ಅವರಿಗಿಂತ ಹೆಚ್ಚು ಹೆಸರುವಾಸಿ. ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರಾದವರು "ಹೇಗಿದ್ದೀರಿ?" ಎಂದು ಕೇಳುವುದಿಲ್ಲ, "ಇವತ್ತು ಹೇಗಿದೆ?" ಎನ್ನುತ್ತಾರೆ. ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಕಲ್ಕತ್ತೆಯ ನಾವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹೊಟ್ಟೆಯ ಭಕ್ತರೇ. ಮದುವೆ ಮನೆಯಲ್ಲಿ ಮೂರು ಬಗೆಯ ಮೀನು ಬಾರಿಸಿ, ಕೈ ತೊಳೆಯುವ ಮೊದಲೇ ಓಮದ ಅರ್ಕದ ಶೀಶೆ ಹುಡುಕುವ ಜನ. ಆದರೆ ನಾವು ಬರೀ ಭಕ್ತರು. ಪತಿತಬಾಬು ಪ್ರಧಾನ ಅರ್ಚಕರು.

ಟ್ರಾಮ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದಾಗ ಉಳಿದ ಗುಮಾಸ್ತರು ಗಾಳಿ ಬರುವ ಕಿಟಕಿಗಾಗಿ ಜಗಳವಾಡುತ್ತಿದ್ದರೆ, ಇವರು ಮಾತ್ರ ಶೌಚಾಲಯದ ಬಾಗಿಲ ಪಕ್ಕದ ಮೇಜನ್ನು ಯಾರ ಪೈಪೋಟಿಯೂ ಇಲ್ಲದೆ ಗೆದ್ದುಕೊಂಡವರು. ಹೆಣ್ಣು ನೋಡಲು ಹೋದಾಗ "ಹಾಡು ಬರುತ್ತಾ?" ಎಂದು ಕೇಳುವುದು ವಾಡಿಕೆ. ಇವರು ಕೇಳಿದ್ದು, "ಶಿಂಗಿ ಮೀನಿನ ತಿಳಿಸಾರು ಬರುತ್ತಾ?" "ಬರುತ್ತೆ" ಎಂದು ಕನಕಲತಾ ತಲೆಯಾಡಿಸಿದರು, ಮದುವೆಯಾಯಿತು. ಅಂದಿನಿಂದ ಬಾಳೆಕಾಯಿ, ಪರಂಗಿಕಾಯಿ ಹಾಕಿ, ಜೀರಿಗೆಯನ್ನು ದೂರದಿಂದ ತೋರಿಸಿ ಕೆಳಗಿಳಿಸುವ ಆ ಪಥ್ಯದ ಸಾರು ಅವರ ಒಲೆಯ ಮೇಲೆ ಕುದಿಯುತ್ತಲೇ ಇದೆ. ಆ ಪುಟ್ಟ ಪಾತ್ರೆಗೆ ಮನೆಯಲ್ಲಿ 'ರೋಗಿಯ ಪಾತ್ರೆ' ಎಂದೇ ಹೆಸರು. ಅದು ಪತಿತಬಾಬುಗಳ ಸಿಂಹಾಸನ, ಕಿರೀಟ, ರಾಜದಂಡ ಎಲ್ಲವೂ.

ಈ ಸಾಮ್ರಾಜ್ಯಕ್ಕೆ ಪೌಷ ಮಾಸದ ಚಳಿಯ ಒಂದು ಬೆಳಿಗ್ಗೆ ಎರಡನೆಯ ರೋಗಿ ಬಂದಿಳಿದ. ಮೆಟ್ಟಿಲ ಕೆಳಗೆ, ಗೋಣಿಚೀಲದ ಮೇಲೆ ನಡುಗುತ್ತಿದ್ದ ಬೀದಿನಾಯಿಯ ಮರಿ. ಬೆಳ್ಳಗೆ, ದುಂಡಗೆ, ಬತ್ತಾಸಿನ ಹಾಗೆ. ಹಾಗಾಗಿ ಬತಾಶಾ ಎಂದೇ ಹೆಸರಾಯಿತು. ಪತಿತಬಾಬು ಮಂಕಿ ಟೋಪಿಯೊಳಗಿನಿಂದ ಬಗ್ಗಿ ನೋಡಿ, "ನನಗೂ ರಾತ್ರಿಯೆಲ್ಲ ಗ್ಯಾಸು ಕಣಪ್ಪ" ಎಂದರು. ಮರಿ ಕುತ್ತಿಗೆ ಓರೆ ಮಾಡಿ ಕೇಳಿತು. ಅಷ್ಟೇ, ಪತಿತಬಾಬು ಸೋತುಹೋದರು. ಇಷ್ಟು ವರ್ಷಗಳಲ್ಲಿ ಅವರ ಗ್ಯಾಸಿನ ವಿಚಾರವನ್ನು ಮಧ್ಯೆ ಬಾಯಿ ಹಾಕದೆ, ತನ್ನ ಗ್ಯಾಸಿನ ಕಥೆ ತೆಗೆಯದೆ ಕೇಳಿದ ಮೊದಲ ಜೀವಿ ಅದು.

ಮಾಘ ಹುಟ್ಟುವ ಹೊತ್ತಿಗೆ ಬತಾಶಾನ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ರಿಪೇರಿಯಾಗಲಿಲ್ಲ.

ನಿಜ ಹೇಳಬೇಕೆಂದರೆ ಪತಿತಬಾಬುಗಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಸಾಕಿದವನ ಗುಣ ಬಂದಿದೆ! ಸಂಜೆ ಜಗಲಿಕಟ್ಟೆಯ ಮೇಲೆ ಸಭೆ ಸೇರಿತು. ನಾವೆಲ್ಲ ಶಾಲು ಹೊದ್ದು ಕುಳಿತೆವು. ಹೋಮಿಯೋಪತಿ ನಕುಡ್‌ಬಾಬು ರೋಗಿಯ ಸ್ವಭಾವ ವಿಚಾರಿಸಿದರು.

"ಮರಿ ಬೇಗ ಅಳುತ್ತೋ, ಬೇಗ ಸಿಟ್ಟಾಗುತ್ತೋ?"

"ಬೇಗ ಒದ್ದೆ ಮಾಡುತ್ತೆ," ಎಂದರು ಕನಕಲತಾ ಒಳಗಿನಿಂದ.

ಒಬ್ಬರು ಒಂದೆಲಗದ ರಸ ಎಂದರು. ಇನ್ನೊಬ್ಬರು ಅವಲಕ್ಕಿ ನೆನೆಸಿದ ನೀರು ಎಂದರು. ಇಸಬ್‌ಗೋಲಿನವರು ಒಂದು ಕಡೆ, ಬಿಲ್ವದ ಕಾಯಿಯ ತಿರುಳಿನವರು ಇನ್ನೊಂದು ಕಡೆ ಆಗಿ ಸಭೆ ಇಬ್ಭಾಗವಾಯಿತು. ಪತಿತಬಾಬು ನ್ಯಾಯವಂತರು. ಯಾರ ಮನಸ್ಸನ್ನೂ ನೋಯಿಸದೆ ಎಲ್ಲವನ್ನೂ ಕೊಟ್ಟುನೋಡಿದರು. ಕಡೆಗೆ ತಮ್ಮ ತೆಳು ಆರಾರೂಟ್ ಬಿಸ್ಕತ್ತಿನಲ್ಲೂ ಅರ್ಧ ಕೊಟ್ಟರು. ಬತಾಶಾ ಎಲ್ಲವನ್ನೂ ಭಕ್ತಿಯಿಂದ ನೆಕ್ಕಿ, ಅಂಗಳಕ್ಕೆ ಹೋಗಿ, ಎಲ್ಲವನ್ನೂ ವಾಪಸು ಒಪ್ಪಿಸಿ ಬಂದ.

ಅಂಗಳ ಬಿರಜಾ ಪಿಶಿಯದು. ಪಿಶಿ ಎಂದರೆ ಸೋದರತ್ತೆ. ಈಕೆ ಯಾರಿಗೂ ಸ್ವಂತ ಸೋದರತ್ತೆಯಲ್ಲ, ಇಡೀ ಗಲ್ಲಿಗೆ ಸೋದರತ್ತೆ, ಜೊತೆಗೆ ಪತಿತಬಾಬುಗಳ ಮನೆಯೊಡತಿ. ಮಹಡಿಯ ಮೇಲೆ ಅವಳು, ಕೆಳಗೆ ಇವರು, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ನೀರಿನ ತೊಟ್ಟಿ, ತೊಟ್ಟಿಯ ಮೇಲೆ ಬಾಗಿದ ಎಲಚಿ ಮರ. ಪ್ರತಿ ವರ್ಷ ಆ ಮರದ ಬುಡದಲ್ಲೇ ಸರಸ್ವತಿಯ ಪ್ರತಿಮೆ ಕೂರಿಸಿ ಪೂಜೆ. ಅಲ್ಲಿಯವರೆಗೆ ಎಲಚಿ ಹಣ್ಣನ್ನು ನಾವ್ಯಾರೂ ಬಾಯಿಗಿಡುವುದಿಲ್ಲ. ಇಟ್ಟರೆ ಪರೀಕ್ಷೆಯಲ್ಲಿ ನಪಾಸು ಗ್ಯಾರಂಟಿ. ಮರದ ಕಡೆ ಕತ್ತೆತ್ತಿದ ಮಕ್ಕಳನ್ನು ಗದರಿಸುವ ಕೆಲಸ ಪತಿತಬಾಬುಗಳದು. "ದೇವಿ ನೋಡ್ತಿರ್ತಾಳೆ ಕಣ್ರೋ!" ಎಂದು ಅವರು ಕೂಗಿದರೆ ಗಲ್ಲಿಯ ಕೊನೆಯ ಮಗುವೂ ಪುಸ್ತಕ ತೆರೆಯುತ್ತಿತ್ತು.

ಒಂದು ಬೆಳಿಗ್ಗೆ ಪಿಶಿ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಬೀಳಲಿಲ್ಲ, ಆದರೆ ಯಾಕೆ ಜಾರಿದೆ ಎಂದು ಬಗ್ಗಿ ನೋಡಿದಳು.

"ಪತಿತ! ಬಾ ಇಲ್ಲಿ. ಏನಿದು?"

"ಅಜೀರ್ಣ, ಪಿಶಿ."

"ಸರಸ್ವತಿ ತಾಯಿ ಬಂದು ಕೂರೋ ಜಾಗ ಕಣೋ ಇದು! ಪೂಜೆ ಹಿಂದಿನ ದಿನದೊಳಗೆ ಇದರ ಭೇದಿ ನಿಲ್ಲಬೇಕು. ಇಲ್ಲಾಂದ್ರೆ ಬಾರಾಸಾತ್‌ನಲ್ಲಿ ನನ್ನ ತಮ್ಮನ ಮಗಂದು ಇಟ್ಟಿಗೆ ಭಟ್ಟಿ ಇದೆಯಲ್ಲ, ಅಲ್ಲಿಗೆ ಕಳಿಸ್ತೀನಿ. ಕಾವಲಿಗೆ ನಾಯಿ ಬೇಕು ಅಂತಿದ್ದಾನೆ."

"ಇಷ್ಟೇ ಇಷ್ಟು ಮರಿ, ಯಾರನ್ನ ಕಾಯುತ್ತೆ ಪಿಶಿ?"

"ನಿನ್ನನ್ನೂ ಟ್ರಾಮ್ ಕಾಯೋಕೆ ಇಟ್ಕೊಂಡಿರಲಿಲ್ವಾ?"

ಪತಿತಬಾಬು ಮಂಕಿ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಭಟ್ಟಿಯ ಬಿಸಿಬೂದಿ, ಲಾರಿಗಳ ಗಾಲಿ, ಅದರ ನಡುವೆ ಈ ಬತ್ತಾಸು. ಆ ದಿನವಿಡೀ ಅವರು ತಮ್ಮ ಗ್ಯಾಸಿನ ಮಾತನ್ನೇ ಎತ್ತಲಿಲ್ಲ.

ಕಡೆಗೆ ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಪಶುವೈದ್ಯೆ ಡಾಕ್ಟರ್ ಸಾಂತ್ರಾ ಬಳಿಗೆ ಹೋದರು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಚುಟುಕು.

"ಹೇಗೆ ಹೋಗುತ್ತೆ, ಕಾಕಾ?"

ಪತಿತಬಾಬು ಗಂಟಲು ಸರಿಮಾಡಿಕೊಂಡರು. ಜೀವಮಾನವಿಡೀ ಕಾದಿದ್ದ ಪ್ರಶ್ನೆ. "ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಸಲ ಬಂದ ಹಾಗಾಗುತ್ತೆ, ಆದರೆ ಮನಸ್ಸಿಗೆ ತೃಪ್ತಿ ಇರಲ್ಲ. ಆಮೇಲೆ ಪೇಪರ್ ಓದ್ತಾ..."

"ನಾಯಿದು ಕೇಳಿದೆ, ಕಾಕಾ."

"ಓ. ನಾಯಿದು... ನೀರಾಗಿ."

"ಅದರಲ್ಲಿ ಏನಾದ್ರೂ ಇರುತ್ತಾ? ನೋಡಿದ್ದೀರಾ?"

ನೋಡಿರಲಿಲ್ಲ. ಪತಿತಬಾಬು ಸಿದ್ಧಾಂತಿ, ಕ್ಷೇತ್ರಕಾರ್ಯ ಕನಕಲತಾ ಅವರದು. ಅವರಾದರೋ ಮೂಗಿಗೆ ಸೆರಗು ಒತ್ತಿ, ಮುಖ ತಿರುಗಿಸಿ, ದೂರದಿಂದಲೇ ಬಕೆಟ್ ನೀರು ಎರಚುತ್ತಿದ್ದರು.

"ಬೇರೇನೂ ತಿನ್ನಲ್ಲ ತಾನೇ?"

"ನಮ್ಮ ಅಂಗಳದಲ್ಲಿ ತಿನ್ನೋವಂಥದ್ದು ಏನೂ ಇಲ್ಲ ಡಾಕ್ಟರೇ. ಪ್ರಮಾಣ ಮಾಡಿ ಹೇಳ್ತೀನಿ."

ಡಾಕ್ಟರ್ ಹುಳುವಿನ ಔಷಧಿ ಕೊಟ್ಟು, ಪಥ್ಯ ಹೇಳಿದಳು. ಮೆತ್ತಗೆ ಬೇಯಿಸಿದ ಅನ್ನ, ಮೂಳೆ ತೆಗೆದ ಕೋಳಿ, ಒಂದು ಚೂರು ಕುಂಬಳ. ಉಪ್ಪಿಲ್ಲ, ಅರಿಶಿನವಿಲ್ಲ, ಹಾಲಿಲ್ಲ, ಬಿಸ್ಕತ್ತಿಲ್ಲ. ಸ್ವಲ್ಪ ಸ್ವಲ್ಪ, ದಿನಾ ಅದೇ. "ಮತ್ತೆ ಕಾಕಾ, ಗಲ್ಲಿಯವರ ಮಾತು ಕೇಳಬೇಡಿ." ಇದನ್ನು ಪತಿತಬಾಬು ನಮಗೆ ಹೇಳಿದಾಗ ನಮಗೆಲ್ಲ ಬೇಜಾರಾಯಿತು.

ಪಥ್ಯ ಕೇಳಿ ಕನಕಲತಾ ಸೌಟು ಕೆಳಗಿಟ್ಟರು. "ಏನೂಂದ್ರೆ, ಒಂದು ಒಲೆ, ಎರಡು ರೋಗಿ ನನ್ನ ಕೈಲಾಗಲ್ಲ. ನೀವೂ ಅದನ್ನೇ ತಿನ್ನಿ. ಹೊಟ್ಟೆಗೆ ಒಳ್ಳೇದು ಅಂತ ಡಾಕ್ಟರೇ ಹೇಳಿದ್ದಾರಲ್ಲ."

"ಅವರು ನಾಯಿ ಡಾಕ್ಟರು!"

"ಹಾಗಾದ್ರೆ ನಿಮಗೆ ಬೇರೆ ಡಾಕ್ಟರು ಸಿಗೋವರೆಗೆ ತಿನ್ನಿ."

ಹೀಗೆ ರೋಗಿಯ ಪಾತ್ರೆ ಕೈಬದಲಾಯಿತು. ಮೊದಲು ಬತಾಶಾನ ತಟ್ಟೆಗೆ, ಉಳಿದದ್ದು ಪತಿತಬಾಬುಗಳ ತಟ್ಟೆಗೆ. ಕೋಳಿಯ ಒಳ್ಳೆಯ ತುಂಡು ನಾಯಿಗೆ, ಕುಂಬಳ ಮನುಷ್ಯನಿಗೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಒಬ್ಬ ಬಾಲ ಆಡಿಸುತ್ತಿದ್ದ. ಇನ್ನೊಬ್ಬರಿಗೆ ಆ ಸೌಲಭ್ಯವಿರಲಿಲ್ಲ.

ವಿಚಿತ್ರವೆಂದರೆ, ಪತಿತಬಾಬುಗಳ ಹೊಟ್ಟೆ ಸುಧಾರಿಸಿತು. ಬತಾಶಾನದು ಸುಧಾರಿಸಲಿಲ್ಲ. "ಇವತ್ತು ಹೇಗಿದೆ?" ಎಂದು ನಾವು ಕೇಳಿದರೆ ಅವರು ತಲೆತಗ್ಗಿಸಿ "ಚೆನ್ನಾಗಿದೆ" ಎನ್ನುತ್ತಿದ್ದರು, ಕೆಲಸ ಕಳೆದುಕೊಂಡವರ ದನಿಯಲ್ಲಿ. ಅತ್ತ ಅಂಗಳದಲ್ಲಿ ಬಕೆಟ್ ನೀರಿನ ಸದ್ದು ನಿಲ್ಲಲಿಲ್ಲ.

ಪೂಜೆಯ ಹಿಂದಿನ ದಿನ ಬಂದೇ ಬಿಟ್ಟಿತು. ಸಂಜೆ ಭಟ್ಟಿಯ ವ್ಯಾನು ಬರುವುದೆಂದು ಪಿಶಿ ಬೆಳಿಗ್ಗೆಯೇ ಸಾರಿದಳು. ಮಧ್ಯಾಹ್ನ ಉಪ್ಪಿಲ್ಲದ ಅನ್ನವನ್ನು ಪತಿತಬಾಬು ತಟ್ಟೆಯಲ್ಲೇ ಬಿಟ್ಟು ಎದ್ದರು. ಕನಕಲತಾ ಮಲಗಿದರು, ಪಿಶಿ ಮಲಗಿದಳು, ಕಲ್ಕತ್ತೆಗೆ ಕಲ್ಕತ್ತೆಯೇ ಮಲಗಿತು. ಆಗ ಗಾಳಿಯಲ್ಲಿ ಒಂದು ವಾಸನೆ ತೇಲಿ ಬಂತು. ಬಿಸಿಲಿಗೆ ಬಿರಿದ ಮಾಗಿದ ಎಲಚಿ ಹಣ್ಣಿನ ಹುಳಿಸಿಹಿ ವಾಸನೆ.

ವಾರಗಟ್ಟಲೆ ಸತ್ತು ಬಿದ್ದಿದ್ದ ನಾಲಿಗೆ ಎದ್ದು ಕುಳಿತಿತು. ದುಃಖದಲ್ಲಿರುವವನಿಗೆ ಒಂದು ಹಣ್ಣು ತಪ್ಪೇ? ಅಲ್ಲದೆ, ವಯಸ್ಸು ಅರವತ್ತು ದಾಟಿದೆ, ಇನ್ನು ಯಾವ ಪರೀಕ್ಷೆ ಬಾಕಿ ಇದೆ? ಸಕ್ಕರೆ ಪರೀಕ್ಷೆ ಒಂದು. ಅದರಲ್ಲಿ ಹೇಗೂ ನಪಾಸು. 'ಪತಿತಪಾವನ, ನಾಳೆಯವರೆಗೆ ತಡೆಯಲಾರೆಯಾ?' ಎಂದು ಆತ್ಮ ಕೇಳಿತು. ಅಷ್ಟರಲ್ಲಿ ಕಾಲುಗಳು ಅಂಗಳದ ಅರ್ಧ ದಾಟಿದ್ದವು. ಮಂಕಿ ಟೋಪಿ, ಮಾಸಲು ಶಾಲು, ಚಪ್ಪಲಿ ಕೈಯಲ್ಲಿ. ದೇವಿ ಮೇಲಿನಿಂದ ನೋಡಿದ್ದರೆ ಕೋಪಕ್ಕಿಂತ ಮೊದಲು ನಗು ಬರುತ್ತಿತ್ತು.

ಕೆಲಸದವಳ ಪೊರಕೆ ತಲುಪದ ತೊಟ್ಟಿಯ ಹಿಂದಿನ ಸಂದಿಗೆ ಸರಿದು, ಕೆಳಗಿನ ಕೊಂಬೆಯಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಆಹಾ! ಕಣ್ಣು ಮುಚ್ಚಿದರು. ಆಗ ಕಾಲಬುಡದಲ್ಲಿ 'ಕಟಂ' ಎಂದಿತು.

ಕಣ್ಣು ತೆರೆದರು. ಬತಾಶಾ ಕೂತಿದ್ದ. ಬಾಯಲ್ಲಿ ಹಣ್ಣು, ಮೂತಿಯಲ್ಲಿ ತಿರುಳು, ಸುತ್ತ ಉದುರಿದ ಹಣ್ಣಿನ ರಾಶಿ, ಅಗಿದು ಉಗುಳಿದ ಬೀಜಗಳು. ಕೊಳೆತದ್ದು, ಕಾಯಿ, ಹುಳಿ ಹಿಡಿದದ್ದು ಎಂಬ ಭೇದವಿಲ್ಲದೆ ಅವನ ನಿತ್ಯದ ಊಟ ಇಲ್ಲಿ ನಡೆದಿತ್ತು. ಇಬ್ಬರು ಕಳ್ಳರೂ ಬಾಯಲ್ಲಿ ಹಣ್ಣಿಟ್ಟುಕೊಂಡೇ ಒಬ್ಬರನ್ನೊಬ್ಬರು ನೋಡಿದರು.

ಪತಿತಬಾಬು ಅಲ್ಲೇ ತೊಟ್ಟಿಗೆ ಒರಗಿ ಕುಳಿತರು. ಇಡೀ ಗಲ್ಲಿ ಸೇರಿ ಒಂದೆಲಗದಿಂದ ಬಿಲ್ವದವರೆಗೆ ಹುಡುಕಿತ್ತು. ತಲೆಯ ಮೇಲಿನ ಮರವನ್ನು ಯಾರೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಪೂಜೆಗೆ ಮೊದಲು ಎಲಚಿ ನಮ್ಮ ಪಾಲಿಗೆ ತಿನ್ನುವ ವಸ್ತುವೇ ಅಲ್ಲ, ಉದುರಿದ ಎಲೆಯಿದ್ದ ಹಾಗೆ. ಆ ನಿಯಮವನ್ನು ಬತಾಶಾನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಸಂಜೆ ವ್ಯಾನು ಬಂತು. ಅದರ ಹಿಂದೆಯೇ ಮಣ್ಣಿನ ಮೂರ್ತಿ ಮಾಡುವ ಕುಂಬಾರರ ಓಣಿಯಿಂದ ಸರಸ್ವತಿಯ ಪ್ರತಿಮೆಯೂ ಬಂತು. ಕೈಕೊಡಲು ನಾವೆಲ್ಲ ಅಂಗಳದಲ್ಲಿ ಸೇರಿದ್ದೆವು. ಪತಿತಬಾಬು ಮರಿಯನ್ನು ಎದೆಗೊತ್ತಿಕೊಂಡು ನಡುವೆ ನಿಂತರು.

"ಪಿಶಿ, ಕಾರಣ ಸಿಕ್ಕಿತು! ತೊಟ್ಟಿ ಹಿಂದೆ ಬಿದ್ದ ಎಲಚಿ ತಿಂತಾನೆ ಇವನು. ಅದಕ್ಕೇ ಹೊಟ್ಟೆ."

"ನೀನ್ಯಾವಾಗ ನೋಡ್ದೆ?"

"ಮಧ್ಯಾಹ್ನ. ಕಿಟಕಿಯಿಂದ."

"ನಿನ್ನ ಕಿಟಕಿ ಗಲ್ಲಿ ಕಡೆ ಇದೆ."

"ಅಲ್ಲ... ಕಾಗೆ ಓಡಿಸೋಕೆ ಹೋಗಿದ್ದೆ."

ಪಿಶಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು. "ಕಾಗೆ ನಿನ್ನ ಮೀಸೆಯಲ್ಲಿ ಎಲಚಿ ಸಿಪ್ಪೆ ಇಟ್ಟು ಹೋಯ್ತಾ?"

ಮಕ್ಕಳು ಒಬ್ಬರ ಬೆನ್ನ ಹಿಂದೆ ಒಬ್ಬರು ಬಾಯಿ ಮುಚ್ಚಿಕೊಂಡರು. ವ್ಯಾನಿನವನು ಬೀಡಿ ಆರಿಸಿ ಮುಂದೆ ಬಂದ. ಸುಮ್ಮನಿದ್ದರೆ ಮಾನ ಅರ್ಧ ಉಳಿಯುತ್ತಿತ್ತು, ಮರಿ ಪೂರ್ತಿ ಹೋಗುತ್ತಿತ್ತು. ಪತಿತಬಾಬು ಟೋಪಿ ತೆಗೆದರು. ಚಳಿಗಾಲದಲ್ಲಿ ಅವರ ಬೋಳುತಲೆಯನ್ನು ನಾವು ನೋಡಿದ್ದು ಅದೇ ಮೊದಲು.

"ಹೌದು, ತಿಂದೆ. ಪೂಜೆಗೆ ಮುಂಚೆ, ದೇವಿ ಕೂರೋ ಜಾಗದಲ್ಲೇ ನಿಂತು ತಿಂದೆ. ಕದಿಯೋಕೆ ಹೋಗಿದ್ದಕ್ಕೇ ಇವನು ಸಿಕ್ಕಿಬಿದ್ದ. ನನ್ನನ್ನ ನಪಾಸು ಮಾಡಲಿ, ಪಿಶಿ. ಇವನನ್ನ ಕಳಿಸಬೇಡ. ಇವನಿಗೆ ಪಂಚಾಂಗ ಗೊತ್ತಿಲ್ಲ. ನನಗೆ ಗೊತ್ತಿತ್ತು."

ಮೊದಲು ನಕ್ಕವರು ಕನಕಲತಾ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತೋಳು ಕುಲುಕುವಷ್ಟು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. "ದೇವಿ ನೋಡ್ತಿರ್ತಾಳೆ ಕಣ್ರೋ!" ಎಂದು ಯಾವುದೋ ಮಗು ಅವರದೇ ದನಿಯಲ್ಲಿ ಕೂಗಿತು. ಪಿಶಿ ನಗಲಿಲ್ಲ, ಆದರೆ ನಗದಿರಲು ಅವಳು ಪಟ್ಟ ಪಾಡು ನಮಗೆ ಕಂಡಿತು.

"ಕಳ್ಳ ನನ್ಮಗನೇ! ಪೊರಕೆ ತಗೋ. ತೊಟ್ಟಿ ಹಿಂದೆ ಒಂದು ಹಣ್ಣೂ ಉಳಿಯಬಾರದು. ಲೇ ವ್ಯಾನಿನವನೇ, ಚಹಾ ಕುಡಿದು ಹೋಗು. ಪ್ರತಿಮೆ ವಿಸರ್ಜನೆ ಆಗೋವರೆಗೆ ನೋಡೋಣ. ಅಷ್ಟರಲ್ಲಿ ನಿಲ್ಲದಿದ್ರೆ ಇಬ್ಬರನ್ನೂ ಭಟ್ಟಿಗೆ ಹಾಕ್ತೀನಿ."

ಪತಿತಬಾಬು ಕತ್ತಲಾಗುವ ಮುನ್ನ ಸಂದಿಯನ್ನು ತೊಳೆದಿಟ್ಟ ತಟ್ಟೆಯ ಹಾಗೆ ಗುಡಿಸಿ, ಅಡ್ಡಲಾಗಿ ಹಲಗೆ ಇಟ್ಟರು. ಮರುದಿನ ಹಳದಿ ಸೀರೆಗಳ ನಡುವೆ ಪೂಜೆ ನಡೆಯಿತು. ಪುಷ್ಪಾಂಜಲಿಯಲ್ಲಿ ಎಲ್ಲರೂ ವಿದ್ಯೆ ಬೇಡಿಕೊಂಡರೆ ಅವರೊಬ್ಬರು ಮಾತ್ರ ಮಲಬದ್ಧತೆ ಬೇಡಿಕೊಂಡರು, ಬೇರೆಯವರ ಸಲುವಾಗಿ.

ದೇವಿ ಕೊಟ್ಟಳು. ವಿಸರ್ಜನೆಯ ದಿನ ಕನಕಲತಾ ಬಕೆಟ್ ಹಿಡಿದು ಅಂಗಳಕ್ಕೆ ಹೋದವರು ಬಕೆಟ್ ಅಲ್ಲೇ ಇಟ್ಟು ಓಡಿ ಬಂದರು. "ಏನೂಂದ್ರೆ! ಬನ್ನಿ ನೋಡಿ! ಗಟ್ಟಿ!" ಪಿಶಿಯೂ ಇಳಿದು ಬಂದು ನೋಡಿ, "ಇರಲಿ ಬಿಡು" ಎಂದಳು. ಬಾರಾಸಾತ್ ಭಟ್ಟಿಗೆ ಬೇರೆ ನಾಯಿ ಹುಡುಕಿದರೆಂದು ಕೇಳಿದೆವು.

ಪತಿತಬಾಬುಗಳಿಗೆ ಮಾತ್ರ ನೋಡಲು ಬರಲಾಗಲಿಲ್ಲ. ಪೂಜೆ ಮುಗಿದು ಹಣ್ಣಿನ ನಿಷೇಧ ತೆರವಾದ ಕೂಡಲೇ, ವಾರಗಳ ಸಪ್ಪೆಗೆ ಸೇಡು ತೀರಿಸಿಕೊಳ್ಳುವಂತೆ, ಒಂದು ಬುಟ್ಟಿ ಎಲಚಿಯನ್ನು ಉಪ್ಪು ಖಾರ ಹಾಕಿ ಮುಗಿಸಿದ್ದರು. ಹಾಗಾಗಿ ಅವರು ಆಗ ಒಳಗಡೆ, ಬಾಗಿಲು ಹಾಕಿಕೊಂಡಿದ್ದರು. ಬತಾಶಾ ಹೊರಗೆ ಕೂತು, ಕುತ್ತಿಗೆ ಓರೆ ಮಾಡಿ, ಸದ್ದುಗಳನ್ನೆಲ್ಲ ಶ್ರದ್ಧೆಯಿಂದ ಕೇಳುತ್ತಿದ್ದ.

"ಇವತ್ತು ಹೇಗಿದೆ, ಪತಿತಬಾಬು?" ಎಂದು ನಾವು ಗಲ್ಲಿಯಿಂದ ಕೂಗಿದೆವು.

"ಕೇಳಬೇಡಿ!" ಎಂಬ ಉತ್ತರ ಬಂತು. ಎಷ್ಟೋ ದಿನಗಳ ಮೇಲೆ ಆ ದನಿಯಲ್ಲಿ ಹಳೆಯ ಗತ್ತು ಮರಳಿತ್ತು. ಅಡುಗೆಮನೆಯಲ್ಲಿ ಕನಕಲತಾ ಶಿಂಗಿ ಮೀನು ಉಜ್ಜಿ ತೊಳೆದು ರೋಗಿಯ ಪಾತ್ರೆಯನ್ನು ಒಲೆಯ ಮೇಲಿಟ್ಟರು.