ಅತ್ತೆ ಬಿಚ್ಚಿಟ್ಟ ಕಾಯಿಲೆಗಳು

ನಮ್ಮ ಮನೆಯಲ್ಲಿ ಹಬ್ಬ ಮರೆತರೂ ಮರೆತೇವು, ಆರೋಗ್ಯ ವಿಮೆಯ ಕಂತು ಕಟ್ಟುವ ತಿಂಗಳನ್ನು ಮಾತ್ರ ಮರೆಯುವ ಹಾಗಿಲ್ಲ. ಆ ಕಾಗದ ಬಂತೆಂದರೆ ನನ್ನ ಗಂಡ ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದುತ್ತಾರೆ. ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತದ ವರ್ಷವೂ ಕಂತು ಏರುತ್ತದೆ. ಸುಂಕದಕಟ್ಟೆಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ. ಕಂಪನಿ ಕೆಲಸದವರಂತೆ ನಮಗೆ ವಿಮೆ ಮಾಡಿಸಿಕೊಡುವ ಪುಣ್ಯಾತ್ಮರಿಲ್ಲ. ಅತ್ತೆ, ಅವರು, ನಾನು, ಮೂವರಿಗೂ ಸೇರಿ ಒಂದೇ ಪಾಲಿಸಿ. ಅತ್ತೆಗೆ ಎಪ್ಪತ್ತು ತುಂಬಿದ ವರ್ಷ ಕಂತು ಏರಿದ ಪರಿ ನೋಡಿ ಅವರು, "ಸಾಕಪ್ಪಾ ಸಾಕು, ಬೇರೆ ಕಂಪನಿಗೆ ಹೋಗೋಣ" ಅಂದುಬಿಟ್ಟರು.

ಹೊಸ ಕಂಪನಿಯವರು ಸೇರಿಸಿಕೊಳ್ಳುವ ಮೊದಲು ಫೋನ್ ಮಾಡಿ ಒಬ್ಬೊಬ್ಬರ ಆರೋಗ್ಯವನ್ನೂ ವಿಚಾರಿಸುತ್ತಾರೆ, ಆ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಇದು ಗೊತ್ತಾದದ್ದೇ ತಡ, ನಾನು ಅತ್ತೆಗೆ ಪಾಠ ಶುರು ಮಾಡಿದೆ. "ಏನಾದ್ರೂ ಕಾಯಿಲೆ ಇದೆಯಾ ಅಂತ ಕೇಳ್ತಾರೆ. ಇಲ್ಲ ಅಂದ್ಬಿಡಿ. ಹೆಚ್ಚು ಮಾತಾಡ್ಬೇಡಿ." ನಿಜ ಹೇಳುತ್ತೇನೆ, ನನಗೆ ಅದು ಸುಳ್ಳು ಅಂತಲೇ ಅನ್ನಿಸಿರಲಿಲ್ಲ. ಬಿ.ಪಿ., ಶುಗರ್‌ಗಳನ್ನು ನಮ್ಮಲ್ಲಿ ಯಾರು ಕಾಯಿಲೆ ಅನ್ನುತ್ತಾರೆ? "ಶುಗರ್ ಸ್ವಲ್ಪ ಇದೆ, ಬೇರೆ ಕಾಯಿಲೆ ಏನಿಲ್ಲ" ಅಂತಲ್ಲವೇ ನಾವು ಮಾತಾಡುವುದು? ಅದೂ ಕಾಯಿಲೆಯೇ ಆದರೆ ವಿಜಯನಗರದ ನಮ್ಮ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವವರೆಲ್ಲ ರೋಗಿಗಳೇ.

ಫೋನ್ ಬಂದಾಗ ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಮೊದಲು ನನ್ನ ಸರದಿ. "ಇಲ್ಲ, ಇಲ್ಲ, ಏನೂ ಇಲ್ಲ" ಎಂದು ಎರಡೇ ನಿಮಿಷದಲ್ಲಿ ಮುಗಿಸಿದೆ. ನಾನು ಐದು ವರ್ಷದಿಂದ ನುಂಗುತ್ತಿದ್ದ ಶುಗರ್ ಮಾತ್ರೆ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಹಿಂದೆ ತಣ್ಣಗೆ ಕುಳಿತಿತ್ತು.

ಆಮೇಲೆ ಅತ್ತೆ ಫೋನ್ ತೆಗೆದುಕೊಂಡರು. "ಬಿ.ಪಿ. ಇದೆ ಕಣಮ್ಮಾ. ಹನ್ನೆರಡು ವರ್ಷ ಆಯ್ತು. ಬರ್ಕೊಂಡ್ಯಾ?"

ನಾನು ಕೈಸನ್ನೆ ಮಾಡಿದೆ, ಕಣ್ಣು ಬಿಟ್ಟೆ. ಅವರು ನನಗೆ ಬೆನ್ನು ಹಾಕಿ ಕುಳಿತು ಮುಂದುವರಿಸಿದರು. ಮಂಡಿ ನೋವು, ಎರಡೂ ಕಣ್ಣಿನ ಪೊರೆ, ಎರಡನೇ ಹೆರಿಗೆಯಲ್ಲಿ ರಕ್ತ ಹೋದದ್ದು, ದಾವಣಗೆರೆಯಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಬಂದ ಟೈಫಾಯಿಡ್. ಆ ಕಡೆಯ ಹುಡುಗಿಗೇ ಸುಸ್ತಾಗಿರಬೇಕು. "ಸಾಕಾ? ಇನ್ನೂ ಇದೆ, ಬೇಕಾದ್ರೆ ಹೇಳ್ತೀನಿ" ಅನ್ನುತ್ತಿದ್ದರು ಅತ್ತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟು ಹೇಳ್ಕೊಟ್ಟಿದ್ದೆನಲ್ಲ ಅತ್ತೆ."

"ಹಣೆಗೆ ವಿಭೂತಿ ಇಟ್ಕೊಂಡು ಸುಳ್ಳು ಹೇಳ್ಲೇನೇ? ನಾಳೆ ನಂಗೇನಾದ್ರೂ ಆದ್ರೆ ಒದ್ದಾಡೋರು ನೀವೇ" ಎಂದು ಅವರು ತಿಂಡಿಗೆ ಕುಳಿತರು.

ಹೊಸ ಕಂಪನಿ ಒಪ್ಪಿತು, ಆದರೆ ಅತ್ತೆಯ ಬಿ.ಪಿ.ಗೆಂದು ಕಂತಿನ ಮೇಲೆ ಇಷ್ಟು ಸೇರಿಸಿತು. ಕಂಪನಿ ಬದಲಾಯಿಸಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಗಂಡ ಅದನ್ನೂ ಕಟ್ಟಿದರು. ನಾನು ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾದಂತೆಯೂ ಕಾಣಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಅತ್ತೆ ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ರಾಜಾಜಿನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು ಅಂದರು. ವಿಮೆ ಸಿಗದಿದ್ದರೆ ಅಂಗಡಿಯನ್ನೇ ಅಡವಿಡಬೇಕಿತ್ತು. ಡಾಕ್ಟರು ಕೇಸ್ ಶೀಟಿನಲ್ಲಿ "ಬಿ.ಪಿ., ಹದಿನಾಲ್ಕು ವರ್ಷದಿಂದ" ಎಂದು ಬರೆದಿದ್ದರು. ಅದನ್ನು ಹಿಡಿದು ಕಂಪನಿಯವರು, ಪಾಲಿಸಿ ಮಾಡಿಸುವಾಗ ಇದನ್ನು ತಿಳಿಸಿದ್ದಿರಾ ಎಂದು ಕೇಳಿ ಕಳಿಸಿದರು.

ಆಸ್ಪತ್ರೆಯ ವಿಮೆ ಕೌಂಟರಿನ ಮುಂದೆ ನನ್ನ ಪಕ್ಕದಲ್ಲಿ ನಂದಿನಿ ಲೇಔಟಿನ ಒಬ್ಬ ಹುಡುಗಿ ನಿಂತಿದ್ದಳು. ಅವಳ ತಾಯಿಗೂ ಇದೇ ಬಿ.ಪಿ., ಇದೇ ಪ್ರಶ್ನೆ ಬಂದಿತ್ತು. ಫಾರಂನಲ್ಲಿ "ಇಲ್ಲ" ಎಂದಿತ್ತು. ವಿಮೆ ಹಣ ಕೊಡುವುದಿಲ್ಲ ಎಂದು ಉತ್ತರ ಬಂದುಬಿಟ್ಟಿತ್ತು. "ಅದು ಕಾಯಿಲೆ ಅಂತ ನಮಗೆ ಅನ್ನಿಸ್ಲೇ ಇಲ್ಲ ಆಂಟಿ" ಅಂದಳು. ಅದು ನನ್ನದೇ ಮಾತು.

ನಮ್ಮದು ಮಧ್ಯಾಹ್ನದ ಹೊತ್ತಿಗೆ ಮಂಜೂರಾಯಿತು. ಅತ್ತೆ ಅಂದು ಫೋನಿನಲ್ಲಿ ಹೇಳಿದ್ದರ ರೆಕಾರ್ಡನ್ನು ಕಂಪನಿಯವರು ತೆಗೆದು ಕೇಳಿದ್ದರಂತೆ. ಹನ್ನೆರಡು ವರ್ಷ ಎಂಬುದೂ ಸರಿಹೊಂದಿತಂತೆ. ನಾನು ವಾರ್ಡಿಗೆ ಹೋಗಿ ಅತ್ತೆಯ ಕಾಲು ಹಿಡಿದುಕೊಂಡು ಕಣ್ಣೀರು ಹಾಕಿದೆ. ಓದಿದ್ದು ನಾಲ್ಕನೇ ಕ್ಲಾಸಾದರೂ ನಮ್ಮಿಬ್ಬರ ಡಿಗ್ರಿಗಿಂತ ಮುಂದೆ ನೋಡಿದ್ದರು ಈ ಹೆಂಗಸು. ಅವರ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದು ಹೇಳಲು ನನಗೆ ಬರುವುದಿಲ್ಲ.

ಮನೆಗೆ ಹೊರಟ ದಿನ ಅತ್ತೆ ಗಾಲಿಕುರ್ಚಿಯನ್ನು ಆ ವಿಮೆ ಕೌಂಟರಿನ ಮುಂದೆ ನಿಲ್ಲಿಸಿ, ಅಲ್ಲಿ ಕುಳಿತಿದ್ದವನನ್ನು ಕೇಳಿದರು. "ನಿಜ ಹೇಳಿದ್ದಕ್ಕೆ ನಮ್ಮತ್ರ ಜಾಸ್ತಿ ತಗೊಂಡ್ರಲ್ಲಪ್ಪ, ಹಿಂಗಾದ್ರೆ ನಿಜ ಯಾರು ಹೇಳ್ತಾರೆ?"

"ರೂಲ್ಸ್ ಹಾಗಿದೆ ಅಜ್ಜಿ, ನಮ್ಮ ಕೈಲೇನಿಲ್ಲ."

"ಬರೆದೋರು ಮನುಷ್ಯರೇ ತಾನೇ? ತಿದ್ದಿ ಬರೀಲಿ."

ಅಂದಿನಿಂದ ನನಗೂ ಅದೇ ಸಿಟ್ಟು. ಗಟ್ಟಿಮುಟ್ಟಾಗಿದ್ದ ವರ್ಷಗಳಲ್ಲೆಲ್ಲ ಕಟ್ಟಿಸಿಕೊಂಡು, ವಯಸ್ಸಾದ ಮೇಲೆ ಹೆಚ್ಚು ಕೊಡು, ಇಲ್ಲವೇ ಬಿಟ್ಟುಹೋಗು ಅನ್ನುವುದು ಯಾವ ನ್ಯಾಯ? ಇಷ್ಟರ ಮೇಲೆ ಏರಿಸಕೂಡದು ಎಂಬ ಮಿತಿ ಎಲ್ಲ ವಯಸ್ಸಿನವರಿಗೂ ಇರಬೇಕು. ಬಿ.ಪಿ., ಶುಗರ್ ಕೂಡ ಕಾಯಿಲೆಯೇ ಎಂದು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮೊದಲೇ ಹೇಳಬೇಕು. ಮುಚ್ಚಿಟ್ಟವರನ್ನು ಹಿಡಿಯುವ ಜಾಣತನವನ್ನು ಬಿಚ್ಚಿ ಹೇಳಿದವರನ್ನು ಕಾಪಾಡುವುದಕ್ಕೂ ಬಳಸಲಿ.

ಇಷ್ಟೆಲ್ಲ ಬಡಬಡಿಸುವ ನಾನು ನನ್ನ ಶುಗರ್ ಸಂಗತಿಯನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಅತ್ತೆಯೇ ಕಾಫಿಪುಡಿ ಡಬ್ಬಿಯ ಹಿಂದಿನ ಮಾತ್ರೆಯನ್ನು ತಂದು ನನ್ನ ಮುಂದಿಟ್ಟರು. "ಇದನ್ನ ಹೇಳಿದೀಯಾ ಅವ್ರಿಗೆ?"

"ಈಗ ಹೇಳಿದ್ರೆ ಪಾಲಿಸಿನೇ ರದ್ದು ಮಾಡಿಬಿಟ್ರೆ?"

"ಈಗ ಮಾಡಿದ್ರೆ ಬೇರೆ ದಾರಿ ನೋಡ್ಬಹುದು. ಹಾಸಿಗೆ ಹಿಡಿದಾಗ ಮಾಡಿದ್ರೆ ಏನ್ಮಾಡ್ತೀಯಾ?"

ಅವರ ಎದುರಿಗೇ ಕುಳಿತು ಫೋನ್ ಮಾಡಿದೆ. ನಾಲಿಗೆ ತಡವರಿಸಿತು, ಆದರೂ ಏಳು ವರ್ಷವೆಂದು ಸರಿಯಾಗಿ ಹೇಳಿದೆ. ಮೂರು ವಾರ ಅನ್ನ ಸರಿಯಾಗಿ ಇಳಿಯಲಿಲ್ಲ. ಕೊನೆಗೆ ಕಾಗದ ಬಂತು. ಪಾಲಿಸಿ ಉಳಿದಿತ್ತು, ಕಂತು ಮತ್ತೆ ಏರಿತ್ತು. ಗಂಡ ಕನ್ನಡಕ ಒರೆಸಿಕೊಂಡು ಎರಡನೇ ಸಲ ಓದತೊಡಗಿದರು.

ಅತ್ತೆ ನನ್ನ ಬೆನ್ನು ಸವರಿದರು. "ಏರ್ಲಿ ಬಿಡು. ಇನ್ಮೇಲೆ ನೀನೂ ಧೈರ್ಯವಾಗಿ ಹುಷಾರು ತಪ್ಪಬಹುದು."