ಸದ್ದು ಮಾಡುವ ದೀಪ

ಹೊತ್ತು ಇಳಿಯುತ್ತಿದ್ದಂತೆ ಈನಕ್ ರಾಡ್ಲಿ ತಮ್ಮ ಶೆಡ್ಡಿನ ಪೆಟ್ರೋಮ್ಯಾಕ್ಸಿನ ಗಾಜನ್ನು ಹಳೇ ಪೇಪರಿನಿಂದ ಒರೆಸಿ, ಗಾಳಿ ಹೊಡೆದು ಹಚ್ಚುತ್ತಿದ್ದರು. ಆಮೇಲೆಯೇ ಒಲೆಯ ಮೇಲೆ ಚಹಾದ ಕೆಟಲು. ಮಳೆಯಿರಲಿ, ಹಿಮವಿರಲಿ, ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೇ ಇರಲಿ, ಅದನ್ನು ಬಿಟ್ಟವರಲ್ಲ.

ಇಂಗ್ಲೆಂಡಿನ ಡರಮ್ ಸೀಮೆಯ ನಮ್ಮೂರಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಗಂಡಸರೆಲ್ಲ ತರಕಾರಿ ಬೆಳೆಯಲು ಬಾಡಿಗೆಗೆ ಹಿಡಿದ ತೋಟದ ತುಂಡುಗಳಲ್ಲೇ ಹೊತ್ತು ಕಳೆಯುತ್ತಿದ್ದರು. ಹೆಂಗಸಾದರೂ ನನಗೂ ಒಂದು ತುಂಡಿತ್ತು, ಈನಕ್ಕರ ಶೆಡ್ಡಿದ್ದ ತುಂಡಿಗೆ ಅಂಟಿಕೊಂಡೇ. ದೀಪ ಬುಸ್ಸೆನ್ನತೊಡಗಿದರೆ ಸಾಕು, ಅವರ ಜೊತೆ ಗಣಿಗಿಳಿದಿದ್ದ ಕತ್ಬರ್ಟ್ ಗೇಟಿನ ಹತ್ತಿರ ತಲೆ ಓರೆ ಮಾಡಿ ಒಂದು ಗಳಿಗೆ ನಿಂತು, ನೆಟ್ಟಗೆ ಶೆಡ್ಡಿಗೇ ಬರುತ್ತಿದ್ದರು.

"ಏನೋ ಇದು, ನಮ್ಮತ್ತೆ ಗೊರಕೆ ಹೊಡೆದ ಹಾಗೆ! ಚಹಾ ಆಯ್ತೇನೋ?"

"ಆಗಿ ಆರಿಹೋಯ್ತು. ಆಮೆ ಥರ ಬಂದ್ರೆ ಇನ್ನೇನಾಗತ್ತೆ?"

ಒಂದು ಸಂಜೆ ದೀಪದೊಳಗೆ ಬೆಳಗುವ ಮ್ಯಾಂಟಲ್ ಬಲೆ ಈನಕ್ಕರ ಕೈಯಲ್ಲೇ ಪುಡಿಯಾಯಿತು. ಹೊಸದು ಇರಲಿಲ್ಲ, ಅಂದು ದೀಪ ಹೊತ್ತಲಿಲ್ಲ. ಕತ್ತಲಾಗುವ ಮೊದಲೇ ಕತ್ಬರ್ಟ್ ನನ್ನ ಎಲೆಕೋಸಿನ ಪಾತಿಯಲ್ಲಿ ಮೊಣಕಾಲೂರಿ ಬಿದ್ದಿದ್ದರು.

"ನಿನ್ನ ಕೋಸು ಹೇಗಿದೆ ಅಂತ ನೋಡ್ತಿದ್ದೆ ಕಣಮ್ಮ," ಅಂದರು. ನೋಡುತ್ತಿದ್ದ ಕಣ್ಣು ಕೋಸಿನ ಮೇಲಿರಲಿಲ್ಲ.

ಅವರು ಹೋದ ಮೇಲೆ ಈನಕ್ ತಗ್ಗಿದ ದನಿಯಲ್ಲಿ ಹೇಳಿದರು: "ಅವನಿಗೆ ಕಣ್ಣು ಕಾಣ್ಸಲ್ಲ. ಈ ದೀಪದ ಸದ್ದು ಹಿಡ್ಕೊಂಡೇ ಬರ್ತಾನೆ. ಅವನ ಮಗಳಿಗೆ ಗೊತ್ತಾದ್ರೆ ಹೊಸಲು ದಾಟೋಕೆ ಬಿಡಲ್ಲ. ನೀನು ಬಾಯಿ ಬಿಡ್ಬೇಡ ತಾಯಿ."

ಬಿಡಲಿಲ್ಲ. ರಾತ್ರಿ ಪ್ರಾರ್ಥನೆಯಲ್ಲಿ ಮಾತ್ರ ಇಬ್ಬರ ಹೆಸರನ್ನೂ ಹೇಳುತ್ತಿದ್ದೆ.

ಆ ಚಳಿಗಾಲ ತೋಟದ ಸಂಘದ ಡೋರೀನ್ ಒಂದು ಪೆಟ್ಟಿಗೆ ಹೊತ್ತು ಶೆಡ್ಡಿಗೆ ಬಂದಳು. ಕತ್ಬರ್ಟ್ ಅಲ್ಲೇ ಕೂತು ಮಗ್ಗಿನಿಂದ ಕೈ ಕಾಯಿಸಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿದ್ದೆ.

"ಈನಕ್ ಮಾವ, ಸೋಲಾರ್ ದೀಪ ತಂದಿದೀನಿ. ನಿಮಗೇ ಅಂತ ಸಂಘದವರು ತೆಗೆದಿಟ್ಟಿದ್ದು. ಸೀಮೆಎಣ್ಣೆ ಬೇಡ, ಹೊಗೆ ಇಲ್ಲ, ಒಂಚೂರೂ ಸದ್ದಿಲ್ಲ. ಈಗಲೇ ಹಾಕಿಕೊಡ್ತೀನಿ."

"ಹಾಕ್ಸಿಕೊಳ್ಳೋ ಮುದುಕ," ಅಂದರು ಕತ್ಬರ್ಟ್. "ನನ್ನ ಕಿವಿನಾದ್ರೂ ಉಳಿಯತ್ತೆ." ನಕ್ಕರು, ಮಗ್ಗು ಹಿಡಿದ ಬೆರಳು ಮಾತ್ರ ಬಿಗಿಯಾಗಿತ್ತು.

ಈನಕ್ ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. ವಯಸ್ಸಾಗಿ ಅವರ ಬೆರಳು ಮೊದಲಿನ ಹಿಡಿತದಲ್ಲಿರಲಿಲ್ಲ. ಮ್ಯಾಂಟಲ್ ಕಟ್ಟಲು ನನ್ನನ್ನು ಕರೆಯುವ ಹಾಗಾಗಿತ್ತು. ಅದಾಗಿ ಇಷ್ಟು ವರ್ಷವಾದರೂ, ಇವತ್ತಿಗೂ ಚರ್ಚಿನಲ್ಲಿ ಎಲ್ಲರೂ ಸುಮ್ಮನಾದಾಗ ಆ ಬುಸ್ಸೆನ್ನುವ ಸದ್ದು ನನ್ನ ಕಿವಿಗೆ ಬರುತ್ತದೆ, ಜೊತೆಗೇ ಸೀಮೆಎಣ್ಣೆ ಮತ್ತು ಕಡುಚಹಾದ ವಾಸನೆ.

"ಒಳ್ಳೇ ಮನಸ್ಸು ನಿಂದು, ಡೋರೀನ್," ಅಂದರು ಈನಕ್. "ಆದ್ರೆ ನಂಗೆ ಇದರ ಗಲಾಟೆ ಇಲ್ದಿದ್ರೆ ಚಹಾ ಗಂಟಲಲ್ಲಿ ಇಳಿಯಲ್ಲ. ಬೇರೆ ಯಾರಿಗಾದ್ರೂ ಕೊಡಮ್ಮ."

ಪೆಟ್ಟಿಗೆಯನ್ನು ಅವಳ ಕೈಯಲ್ಲೇ ಇಟ್ಟು, ದೀಪಕ್ಕೆ ಇನ್ನಷ್ಟು ಗಾಳಿ ಹೊಡೆದರು.